ತುಮಕೂರಿನಲ್ಲಿ ಸಿಗುವ ಸಾಮಾನಿನಿಂದಲೇ ಸ್ಟೀಮ್‌ಪಂಕ್ ಶೈಲಿಯ ಓದುವ ಕೋಣೆ ಮಾಡಬಹುದೇ?

ಬಾಡಿಗೆ ಮನೆಯ ಒಂದು ಸಣ್ಣ ಕೋಣೆಯನ್ನು ಸ್ಟೀಮ್‌ಪಂಕ್ ಶೈಲಿಯಲ್ಲಿ ಸಜ್ಜುಗೊಳಿಸಬೇಕೆಂದಿದ್ದೀರಿ. ಆನ್‌ಲೈನಿನಲ್ಲಿ ಸಿಗುವ ಅಲಂಕಾರದ ಗೇರುಗಳ (ಹಲ್ಲಿನ ಚಕ್ರಗಳ) ಪ್ಯಾಕೆಟ್ ತರಿಸಬೇಕೇ ಅಥವಾ ತುಮಕೂರಿನಲ್ಲೇ ಏನಾದರೂ ಸಿಗುತ್ತದೆಯೇ ಎಂದು ಕೇಳಿದ್ದೀರಿ. ನಾನೂ ಇದೇ ಊರಿನವನು, ಬಿಡುವಿನಲ್ಲಿ ಹಳೆಯ ಹಿತ್ತಾಳೆ ಸಾಮಾನಿನಿಂದ ಮೇಜಿನ ದೀಪಗಳನ್ನು ಮಾಡುತ್ತೇನೆ. ಆ ಪ್ಯಾಕೆಟ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಹೀಗಿದೆ. ಉಗಿಯಂತ್ರಗಳ ಕಾಲ ಮುಗಿಯದೆ ಮುಂದುವರಿದಿದ್ದರೆ ಇಂದಿನ ವಸ್ತುಗಳು ಹೇಗಿರುತ್ತಿದ್ದವು ಎಂಬ ಊಹೆಯೇ ಈ ಶೈಲಿಯ ತಿರುಳು. ಇದಕ್ಕೆ ಮಾದರಿ ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901ರವರೆಗಿನ ಆಳ್ವಿಕೆ. ಆ ಕಾಲದ ಯಂತ್ರಗಳಲ್ಲಿ ಚಕ್ರ, ಕೊಳವೆ, ತಿರುಪು, ರಿವೆಟ್ ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು, ಯಾವುದು ಏನು ಮಾಡುತ್ತದೆಂದು ನೋಡಿದವನಿಗೆ ತಿಳಿಯುತ್ತಿತ್ತು. ಹಾಗಾಗಿ ಈ ಶೈಲಿಯ ವಸ್ತುವಿನಲ್ಲಿ ಪ್ರತಿಯೊಂದು ಭಾಗಕ್ಕೂ ಒಂದು ಕೆಲಸವಿರಬೇಕು, ಕನಿಷ್ಠಪಕ್ಷ ಇದ್ದಂತೆ ತೋರಬೇಕು. ಗಡಿಯಾರದ ಮುಖದ ಮೇಲೆ ಮೂರು ಗೇರುಗಳನ್ನು ತ್ರಿಕೋನದಲ್ಲಿ ಒಂದಕ್ಕೊಂದು ಹಲ್ಲು ಕಚ್ಚುವಂತೆ ಅಂಟಿಸಿರುವುದನ್ನು ನೀವು ನೋಡಿರುತ್ತೀರಿ. ಆ ಮೂರು ಗೇರುಗಳು ಎಂದಿಗೂ ತಿರುಗಲಾರವು. ಮೊದಲನೆಯದು ಬಲಕ್ಕೆ ಹೊರಟರೆ ಎರಡನೆಯದು ಎಡಕ್ಕೆ ಹೋಗಬೇಕು, ಮೂರನೆಯದು ಎರಡೂ ಕಡೆಗೆ ಏಕಕಾಲಕ್ಕೆ ತಿರುಗಬೇಕಾಗುತ್ತದೆ. ಲೇತ್ ಮುಂದೆ ನಿಂತು ಕೆಲಸ ಮಾಡಿದ ಯಾರಿಗಾದರೂ ಅದು ತಕ್ಷಣ ಕಣ್ಣಿಗೆ ಚುಚ್ಚುತ್ತದೆ, ನಮ್ಮ ಊರಿನಲ್ಲಿ ಅಂಥವರು ಕಡಿಮೆಯೇನಿಲ್ಲ.

ನಿಜವಾದ ಚಕ್ರಗಳು ಬೇಕೆಂದರೆ ತುಮಕೂರಿಗಿಂತ ಒಳ್ಳೆಯ ಜಾಗವನ್ನು ನೀವು ಹುಡುಕಬೇಕಾಗಿಲ್ಲ. ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಮುಚ್ಚಿ, ಅದರ ಜಾಗ ಇಸ್ರೋ ಪಾಲಾಗಿದ್ದರೂ, ಕೀಲಿ ಕೊಡುವ ಹಳೆಯ ಎಚ್‌ಎಂಟಿ ಗಡಿಯಾರಗಳು ಇನ್ನೂ ಎಷ್ಟೋ ಮನೆಗಳ ಬೀರುಗಳಲ್ಲಿವೆ. ರಿಪೇರಿ ಅಂಗಡಿಯವರ ಬಳಿ ಇನ್ನು ಓಡಲಾರದ ಯಂತ್ರಗಳು ಡಬ್ಬಿಯಲ್ಲಿ ಬಿದ್ದಿರುತ್ತವೆ, ಅವನ್ನೇ ಕೇಳಿ ಪಡೆಯಿರಿ. ಓಡುವ ಎಚ್‌ಎಂಟಿ ಜನತಾ ಮಾದರಿಯ ಗಡಿಯಾರವನ್ನು ಅಲಂಕಾರಕ್ಕಾಗಿ ಬಿಚ್ಚುವುದನ್ನು ನಾನು ಒಪ್ಪುವುದಿಲ್ಲ. ಕೆಟ್ಟ ಯಂತ್ರದ ಹಿಂಬದಿಯ ಮುಚ್ಚಳ ತೆಗೆದು ಭೂತಗನ್ನಡಿ ಹಿಡಿದರೆ ಒಂದು ಸರಣಿ ಕಾಣುತ್ತದೆ: ಸ್ಪ್ರಿಂಗ್ ಸುತ್ತಿಕೊಂಡಿರುವ ಡಬ್ಬಿ, ಅದರಿಂದ ತಿರುಗುವ ನಡುಚಕ್ರ, ಮೂರನೆಯ ಚಕ್ರ, ನಾಲ್ಕನೆಯ ಚಕ್ರ, ಕೊನೆಗೆ ವಕ್ರ ಹಲ್ಲುಗಳ ಪುಟ್ಟ ಚಕ್ರ ಮತ್ತು ಅದನ್ನು ಒಂದೊಂದೇ ಹಲ್ಲು ಬಿಡುವ ಕವಲು. ಸಾಮಾನ್ಯವಾಗಿ ನಡುಚಕ್ರ ಗಂಟೆಗೊಮ್ಮೆ, ನಾಲ್ಕನೆಯ ಚಕ್ರ ನಿಮಿಷಕ್ಕೊಮ್ಮೆ ಸುತ್ತುತ್ತದೆ. ಚಕ್ರಗಳನ್ನು ಬಿಡಿಬಿಡಿಯಾಗಿ ಕಿತ್ತು ಚೆಲ್ಲಾಡುವ ಬದಲು ಈ ಇಡೀ ಯಂತ್ರವನ್ನೇ ಗಾಜಿನ ಬಿಲ್ಲೆಯಡಿಯಲ್ಲಿ ಕೂರಿಸಿದರೆ ಪೇಪರ್‌ವೇಟ್ ಆಗಲಿ, ಪೆನ್ ಸ್ಟ್ಯಾಂಡ್ ಆಗಲಿ, ಅದಕ್ಕೆ ಬೇರೆಯೇ ಗಾಂಭೀರ್ಯ ಬರುತ್ತದೆ.

ದೀಪಕ್ಕೆ ನನ್ನ ಮೆಚ್ಚಿನ ವಸ್ತು ಸೀಮೆಎಣ್ಣೆಯ ಪಂಪ್ ಸ್ಟವ್. 1892ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಈ ಒಲೆ ವಿಕ್ಟೋರಿಯಾ ಕಾಲದ್ದೇ ಆದ್ದರಿಂದ, ಅದನ್ನು ಸ್ಟೀಮ್‌ಪಂಕ್ ಮಾಡಲು ಬೇರೇನನ್ನೂ ಸೇರಿಸಬೇಕಾಗಿಲ್ಲ. ಹಿತ್ತಾಳೆಯ ದುಂಡು ಟ್ಯಾಂಕು, ಪಕ್ಕದಲ್ಲಿ ಪಂಪು, ಗಾಳಿ ಬಿಡುವ ತಿರುಪು, ನಡುವೆ ಮೇಲೇರುವ ಕೊಳವೆ, ಎಲ್ಲವೂ ಅದರಲ್ಲೇ ಇವೆ. ಬರ್ನರ್ ಇದ್ದ ಜಾಗದಲ್ಲಿ ಬಲ್ಬಿನ ಹೋಲ್ಡರ್ ಕೂರಿಸಿದರೆ ದೀಪದ ಕಂಬ ಸಿದ್ಧ. ಗುಜರಿ ಅಂಗಡಿಯವರು ಇವನ್ನು ಹಿತ್ತಾಳೆಯ ತೂಕದ ಬೆಲೆಗೇ ಕೊಡುತ್ತಾರೆ. ಆದರೆ ಟ್ಯಾಂಕಿಗೆ ರಂಧ್ರ ಕೊರೆಯುವುದಾಗಲಿ ಬೆಸುಗೆ ಹಾಕುವುದಾಗಲಿ ಇದ್ದರೆ, ಮೊದಲು ಸೋಪಿನ ನೀರಿನಿಂದ ಹಲವು ಬಾರಿ ತೊಳೆದು, ಮುಚ್ಚಳ ತೆರೆದಿಟ್ಟು ಪೂರ್ತಿ ಆರಿಸಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಸೀಮೆಎಣ್ಣೆಯ ಆವಿ ತುಂಬಿದ ಟ್ಯಾಂಕಿಗಿಂತಲೂ ಅಪಾಯಕಾರಿ.

ಒತ್ತಡ ಅಳೆಯುವ ಪ್ರೆಶರ್ ಗೇಜ್ ಇಲ್ಲದೆ ಈ ಶೈಲಿ ಪೂರ್ಣವಾಗದೆಂದು ಹಲವರು ಭಾವಿಸುತ್ತಾರೆ, ನಾನೂ ಅದಕ್ಕೆ ಹೊರತಲ್ಲ. ಹನಿ ನೀರಾವರಿಯ ಫಿಲ್ಟರಿನಿಂದಲೋ ಹಳೆಯ ಕಂಪ್ರೆಸರಿನಿಂದಲೋ ಕಳಚಿದ ಗೇಜು ಸುಲಭವಾಗಿ ಸಿಗುತ್ತದೆ. ಅದರ ಒಳಗೆ ಚಪ್ಪಟೆಯಾದ ಹಿತ್ತಾಳೆಯ ಕೊಳವೆಯೊಂದು ಬಾಗಿ ನಿಂತಿರುತ್ತದೆ. ಒತ್ತಡ ಏರಿದಾಗ ಅದು ನೆಟ್ಟಗಾಗಲು ಹವಣಿಸುತ್ತದೆ, ತುದಿಯ ಆ ಅತ್ಯಲ್ಪ ಚಲನೆಯನ್ನು ಹಲ್ಲಿನ ತುಂಡೊಂದು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತದೆ. ಯೂಜೀನ್ ಬೋರ್ಡನ್ ಎಂಬ ಫ್ರೆಂಚ್ ತಂತ್ರಜ್ಞ ಇದಕ್ಕೆ 1849ರಲ್ಲಿ ಪೇಟೆಂಟ್ ಪಡೆದ. ಮುಖದ ಗಾಜನ್ನು ಉಳಿಸಿಕೊಂಡು, ಅದರಡಿಯ ಅಂಕಿಗಳ ಬಿಲ್ಲೆಯ ಅರ್ಧ ಭಾಗವನ್ನು ಕತ್ತರಿಸಿ ತೆಗೆದರೆ ಈ ಕೊಳವೆ ಹೊರಗೆ ಕಾಣುತ್ತದೆ. ಅಂಕಿಗಳಿರುವ ಬಿಲ್ಲೆಗಿಂತ ಅದೇ ಚೆಂದ.

ಹಿತ್ತಾಳೆಯ ಬಣ್ಣದ ವಿಷಯದಲ್ಲಿ ಮನೆಯವರನ್ನು ಮೊದಲೇ ಒಪ್ಪಿಸಿಕೊಳ್ಳಿ. ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ಫಳಫಳ ಹೊಳೆಯಿಸುವುದು ನಮ್ಮ ಅಡುಗೆಮನೆಯ ಸಂಸ್ಕಾರ, ಈ ಶೈಲಿಗೆ ಬೇಕಾಗಿರುವುದು ಅದರ ವಿರುದ್ಧ. ಮೇಲಿನ ಲ್ಯಾಕರ್ ಎಂಬ ಹೊಳಪಿನ ಲೇಪವನ್ನು ಥಿನ್ನರಿನಿಂದ ಒರೆಸಿ ತೆಗೆದು ಹಾಗೆಯೇ ಬಿಟ್ಟರೆ ಕೆಲವು ತಿಂಗಳಲ್ಲಿ ಲೋಹ ತಾನಾಗಿಯೇ ಕಂದುತ್ತದೆ. ಹಸಿರು ನೀಲಿ ಕಿಲುಬು ಬೇಕಿದ್ದವರು ವಿನೆಗರ್ ಮತ್ತು ಉಪ್ಪು ಸವರಿ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಮೋನಿಯಾದ ಆವಿಗೆ ಒಡ್ಡುತ್ತಾರೆ. ಮೂಗಿಗೆ ತಾಗದಂತೆ ಹೊರಗೆ ಮಾಡಬೇಕು. ಕಿಲುಬು ವಿಷ, ಊಟದ ಪಾತ್ರೆಗೆ ಈ ಪ್ರಯೋಗ ಸಲ್ಲದು. ಕೆಳಗಿನ ಪೀಠಕ್ಕೆ ಹಲಸಿನ ಹಲಗೆ ಹಾಕಿ. ಕೊಯ್ದಾಗ ಹಳದಿಯಾಗಿದ್ದು ಬೆಳಕಿಗೆ ಕಂದು ಬಣ್ಣಕ್ಕೆ ತಿರುಗುವುದರಿಂದ ಹಿತ್ತಾಳೆಯ ಜೊತೆ ಚೆನ್ನಾಗಿ ಹೊಂದುತ್ತದೆ.

ಗೋಡೆಗೆ ಮೊಳೆ ಹೊಡೆಯಲು ಮನೆಯ ಮಾಲೀಕರು ಬಿಡುವುದಿಲ್ಲವೆಂದು ಬರೆದಿದ್ದೀರಿ. ಅರ್ಧ ಇಂಚಿನ ಜಿಐ (ಸತು ಲೇಪಿತ ಕಬ್ಬಿಣದ) ಪೈಪು ಮತ್ತು ಅದನ್ನು ಜೋಡಿಸುವ ಎಲ್ಬೋ, ಟೀ, ಫ್ಲೇಂಜುಗಳಿಂದ ನೆಲದ ಮೇಲೆ ನಿಲ್ಲುವ ಪುಸ್ತಕದ ಕಪಾಟು ಮಾಡಿಕೊಳ್ಳಿ, ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು. ಬಣ್ಣ ಬದಲಿಸಲು ಆ ಪೈಪನ್ನು ಬೆಂಕಿಗೆ ಹಿಡಿಯಬೇಡಿ, ಅದರ ಸತುವಿನ ಲೇಪದಿಂದ ಏಳುವ ಹೊಗೆಯಿಂದ ಜ್ವರ ಬರುತ್ತದೆ. ಪ್ರೈಮರ್ ಹಚ್ಚಿ ಕಪ್ಪು ಬಣ್ಣ ಬಳಿದರೆ ಸಾಕು.

ದೀಪದ ದೇಹ ಲೋಹದ್ದಾದ್ದರಿಂದ ಮೂರು ಪಿನ್ನಿನ ಪ್ಲಗ್ ಕಡ್ಡಾಯ, ಅರ್ತ್ ತಂತಿಯನ್ನು ಹಿತ್ತಾಳೆಗೇ ತಿರುಪಿನಿಂದ ಬಿಗಿಯಬೇಕು, ತಂತಿ ಲೋಹದ ಅಂಚನ್ನು ದಾಟುವ ಕಡೆ ರಬ್ಬರ್ ಗ್ರೊಮೆಟ್ (ರಂಧ್ರದ ಅಂಚಿಗೆ ಕೂರಿಸುವ ಬಳೆ) ಇರಬೇಕು. ಹಳೆಯ ಕಾಲದ ತಂತಿಯ ಬಲ್ಬಿನಂತೆ ಕಾಣುವ ಎಲ್‌ಇಡಿ ಫಿಲಮೆಂಟ್ ಬಲ್ಬು ಹಾಕಿದರೆ ಲೋಹ ಹೆಚ್ಚು ಕಾಯುವುದಿಲ್ಲ. ವಯರಿಂಗ್ ತಿಳಿಯದಿದ್ದರೆ ಈ ಕೊನೆಯ ಹಂತವನ್ನು ಎಲೆಕ್ಟ್ರಿಷಿಯನ್ನಿಂದ ಮಾಡಿಸಿ, ಮೊದಲ ಬಾರಿ ಉರಿಸುವ ಮುನ್ನ ಅರ್ತ್ ಸಂಪರ್ಕವನ್ನು ಮೀಟರಿನಲ್ಲಿ ಪರೀಕ್ಷಿಸುವಂತೆ ಅವರಿಗೆ ಹೇಳಿ.