ಗದ್ದೆ ಮಾರೋ ಮಾತು ಸದ್ಯಕ್ಕೆ ಬೇಡ ತಂಗಿ

ಇಂಗ್ಲೆಂಡಿನ ಲೆಸ್ಟರಿನಲ್ಲಿ ನರ್ಸಾಗಿರುವ ನನಗೆ ಸಿಂಧನೂರು ಕಡೆಯ ಹುಡುಗಿಯೊಬ್ಬಳು ಬರೆದಿದ್ದಾಳೆ: “ಅಕ್ಕಾರ, ಬಿಎಸ್ಸಿ ನರ್ಸಿಂಗ್ ಮುಗಿಸೀನಿ. ಇಂಗ್ಲೆಂಡಿಗೆ ಕೇರ್ ವೀಸಾ ಮಾಡಿಸಿ ಕೊಡ್ತೀನಿ, ಹದಿನೆಂಟು ಲಕ್ಷ ಆಗತೈತಿ ಅಂತ ಏಜೆಂಟರು ಹೇಳ್ಯಾರ. ಮನ್ಯಾಗ ಎರಡೆಕರೆ ಗದ್ದೆ ಮಾರೋ ಮಾತು ನಡದೈತಿ. ಅಲ್ಲಿಗೆ ಬಂದಮ್ಯಾಗ ಮನಿ, ದವಾಖಾನಿ ಎಲ್ಲಾ ಸರ್ಕಾರನ ನೋಡ್ಕೊಂತೈತಂತ, ಖರೇನಾ?”

ತಂಗಿ, ಮೊದಲು ಗದ್ದೆಯ ಮಾತು. ಆ ಏಜೆಂಟ್ ಮಾರುತ್ತಿರುವ ವೀಸಾ ಈಗ ಇಲ್ಲವೇ ಇಲ್ಲ. ಕೇರರ್ ಕೆಲಸಕ್ಕೆ, ಅಂದರೆ ವಯಸ್ಸಾದವರ, ಕಾಯಿಲೆಯವರ ಆರೈಕೆಗೆ, ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದನ್ನು ಬ್ರಿಟನ್ 2025ರ ಜುಲೈ 22ಕ್ಕೆ ನಿಲ್ಲಿಸಿತು. ಅದಕ್ಕೂ ಮುಂಚೆ, 2024ರ ಮಾರ್ಚ್ 11ರಿಂದಲೇ, ಹೊಸ ಕೇರರ್‌ಗಳು ಗಂಡ ಮಕ್ಕಳನ್ನು ಕರೆತರುವಂತಿಲ್ಲ ಎಂದಾಗಿತ್ತು. ನಿಮ್ಮ ಏಜೆಂಟನಿಗೆ ಇದು ಗೊತ್ತಿಲ್ಲದೆ ಇಲ್ಲ.

ಬಾಗಿಲು ತೆರೆದಿದ್ದ ಕಾಲದಲ್ಲಿ ಬಂದವರ ಪಾಡನ್ನೂ ಕಂಡಿದ್ದೇನೆ. 2023ರಲ್ಲಿ ನಮ್ಮ ಮನೆಯ ಮೇಲಿನ ಕೋಣೆಗೆ ಒಬ್ಬಳು ಬಾಡಿಗೆಗೆ ಬಂದಳು. ತಾಯಿಯ ಬಂಗಾರ ಅಡವಿಟ್ಟು ಬಂದಾಕಿ. ಬೆಳಗಿನ ಆರಕ್ಕೆ ಹೊರಟು ಮನೆಮನೆಗೆ ಹೋಗಿ ವಯಸ್ಸಾದವರನ್ನು ಎಬ್ಬಿಸುವುದು, ಮೈ ಒರೆಸುವುದು, ಗುಳಿಗೆ ಕೊಡುವುದು. ಒಂದು ಮನೆಗೆ ಹದಿನೈದು ನಿಮಿಷವೋ ಅರ್ಧ ತಾಸೋ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತಿಗೆ ಪಗಾರವಿಲ್ಲ. ಎಂಟು ತಿಂಗಳಿಗೆ ಅವಳ ಕಂಪನಿಯ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಪರವಾನಗಿ, ರದ್ದಾಯಿತು. ಆಮೇಲೊಂದು ಪತ್ರ: ಅರವತ್ತು ದಿನದೊಳಗೆ ಬೇರೆ ಸ್ಪಾನ್ಸರ್ ಹುಡುಕು, ಇಲ್ಲವೇ ದೇಶ ಬಿಡು. ಆ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಕೆಳಗೆ ಪೆನ್ಸಿಲಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದಳು. ನಲವತ್ತೇಳನೆಯ ಗೀಟಿನ ದಿನ ಬೇರೆ ಊರಲ್ಲಿ ಕೆಲಸ ಸಿಕ್ಕಿತು. ಅವಳ ಜೊತೆಯವರಲ್ಲಿ ಇಬ್ಬರಿಗೆ ಸಿಗಲಿಲ್ಲ.

ಇನ್ನು ಸರ್ಕಾರ ಎಲ್ಲ ನೋಡಿಕೊಳ್ಳುತ್ತದೆ ಅನ್ನೋದು. ತಮಾಷೆ ಏನೆಂದರೆ, ನಿಮ್ಮೂರಿನವರೂ ಇಲ್ಲಿನವರೂ ಒಂದೇ ಸುಳ್ಳನ್ನು ನಂಬಿದ್ದಾರೆ. ನಿಮ್ಮವರು ಆಸೆಯಿಂದ, ಇಲ್ಲಿನವರು ಹೊಟ್ಟೆಕಿಚ್ಚಿನಿಂದ. ನಾನು 2017ರಲ್ಲಿ ಮಾನ್ವಿಯಿಂದ ಲೆಸ್ಟರಿಗೆ ಬಂದಾಗ ಕೈಗೆ ಕೊಟ್ಟ ಕಾರ್ಡಿನ ಮೇಲೇ ‘ನೋ ಪಬ್ಲಿಕ್ ಫಂಡ್ಸ್’ ಎಂದು ಅಚ್ಚಾಗಿತ್ತು. ಅಂದರೆ ಸರ್ಕಾರದ ಮನೆ, ಬಾಡಿಗೆಗೆ ನೆರವು, ಮಕ್ಕಳ ಭತ್ಯೆ ಯಾವುದೂ ಇಲ್ಲ. ಟ್ಯಾಕ್ಸು, ನ್ಯಾಷನಲ್ ಇನ್ಶೂರೆನ್ಸು ಮಾತ್ರ ಮೊದಲ ತಿಂಗಳಿಂದಲೇ ಹಿಡಿದರು. ದವಾಖಾನೆಯೂ ಪುಕ್ಕಟೆ ಅಲ್ಲ: ಬೇರೆ ಕೆಲಸದ ವೀಸಾದವರು ವರ್ಷಕ್ಕೆ 1,035 ಪೌಂಡಿನ ಲೆಕ್ಕದಲ್ಲಿ, ವೀಸಾ ಎಷ್ಟು ವರ್ಷದ್ದೋ ಅಷ್ಟನ್ನೂ ಮುಂಗಡ ಕಟ್ಟಬೇಕು. ನಮ್ಮಂಥ ನರ್ಸುಗಳ ವೀಸಾಕ್ಕೆ ಅದೊಂದು ಮಾಫಿ.

ಒಮ್ಮೆ ರಾತ್ರಿ ಪಾಳಿಯಲ್ಲಿ ಒಬ್ಬ ಪೇಷಂಟಿನ ಮಗ, “ನೀವೆಲ್ಲ ಬಂದು ನಮ್ಮ ಮನೆಗಳನ್ನೆಲ್ಲ ಹಿಡಿದಿರಿ” ಅಂದ. ಅವರಪ್ಪನ ಚಾದರ ಬದಲಿಸುತ್ತಿದ್ದವಳು ನಾನೇ. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಮಾತು ನನಗೆ ಹೊಸದಾಗಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಿಂಬಾಲಿಸಿ ಆಂಧ್ರದಿಂದ ಬಂದು ಭತ್ತ ಬೆಳೆದ ಕ್ಯಾಂಪಿನವರ ಬಗ್ಗೆ, ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಲ್ಲಿ, ಅಂದರೆ ಪುನರ್ವಸತಿ ಕ್ಯಾಂಪುಗಳಲ್ಲಿ, ನೆಲೆಸಿದ ಬಂಗಾಲಿಗಳ ಬಗ್ಗೆ, ನಮ್ಮ ಕಟ್ಟೆಯ ಮೇಲೆ ಕೂತವರು ಆಡುತ್ತಿದ್ದದ್ದು ಇದೇ ಅಲ್ಲವೇ? “ಬಂದವರು ನೆಲ ಎಲ್ಲಾ ತಿಂದ್ರು” ಅಂತ. ಅದೇ ಕ್ಯಾಂಪಿನ ಗದ್ದೆಗೆ ನಮ್ಮವ್ವ ನಾಟಿ ಹಚ್ಚಲು ಹೋಗಿ ಸಂಜೆಗೆ ಕೂಲಿ ತರುತ್ತಿದ್ದಳು. ಆ ಕೂಲಿಯಲ್ಲೇ ನನ್ನ ಶಾಲೆಯ ಫೀಸು ನಡೆಯಿತು. ಈಗ ಲೆಸ್ಟರಿನಲ್ಲಿ ನಾನೇ ಕ್ಯಾಂಪಿನಾಕಿ.

ಈ ಊರಿಗೂ ಇಂಥ ಒಂದು ಕಥೆಯಿದೆ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನು ಓಡಿಸಿದಾಗ, “ನಮ್ಮಲ್ಲಿ ಮನೆ, ಶಾಲೆ ಎಲ್ಲ ತುಂಬಿವೆ, ಲೆಸ್ಟರಿಗೆ ಬರಬೇಡಿ” ಎನ್ನುವ ಅರ್ಥದ ಜಾಹೀರಾತನ್ನು ಇಲ್ಲಿನ ನಗರಸಭೆ ಉಗಾಂಡಾದ ಪತ್ರಿಕೆಯಲ್ಲೇ ಹಾಕಿಸಿತ್ತು. ಜನ ಬಂದೇ ಬಂದರು. ಅವರು ಅಂಗಡಿ ಇಟ್ಟ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ ತೋರಿಸಿ ಅದೇ ನಗರಸಭೆ ಈಗ ಪ್ರವಾಸಿಗರನ್ನು ಕರೆಯುತ್ತದೆ. ನಮಗೆ ಜೋಳದ ಹಿಟ್ಟು ಸಿಗೋದೂ ಅಲ್ಲೇ.

ಪಗಾರ ಕೇಳಿದರೆ ಊರಲ್ಲಿ ಎಲ್ಲರೂ ರೂಪಾಯಿಗೆ ಗುಣಿಸುತ್ತಾರೆ. ಆಸ್ಪತ್ರೆಯ ಹೊಸ ನರ್ಸಿಗೆ, ಅಂದರೆ ಬ್ಯಾಂಡ್ 5 ಎನ್ನುವ ಸಂಬಳದ ದರ್ಜೆಗೆ, 2025-26ರಲ್ಲಿ ವರ್ಷಕ್ಕೆ 31,049 ಪೌಂಡ್. ಗುಣಿಸಿದರೆ ಕಣ್ಣು ಕುಕ್ಕುತ್ತದೆ, ಖರೆ. ಕಡಿತ, ಬಾಡಿಗೆ, ಕೌನ್ಸಿಲ್ ಟ್ಯಾಕ್ಸು, ಚಳಿಗಾಲದ ಗ್ಯಾಸ್ ಬಿಲ್ಲು ಕಳೆದ ಮೇಲೆ ಗುಣಿಸಬೇಕು.

ಹಾಗಾದರೆ ನಿನಗೆ ದಾರಿಯಿಲ್ಲವೇ? ಇದೆ. ನೀನು ನರ್ಸಿಂಗ್ ಓದಿದಾಕಿ, ಕೇರರ್ ಆಗಿ ಯಾಕೆ ಬರಬೇಕು? ನರ್ಸುಗಳ ವೀಸಾ ಮುಚ್ಚಿಲ್ಲ. ಇಲ್ಲಿ ನರ್ಸುಗಳ ಹೆಸರು ದಾಖಲಿಸುವ ಎನ್‌ಎಂಸಿ ಎನ್ನುವ ಮಂಡಳಿಯ ನೋಂದಣಿಗೆ ಸಿಬಿಟಿ ಎನ್ನುವ ಕಂಪ್ಯೂಟರ್ ಪರೀಕ್ಷೆ ನಮ್ಮ ದೇಶದಲ್ಲೇ ಬರೆಯಬಹುದು, ಓಸ್ಕಿ ಎನ್ನುವ ಕೈಕೆಲಸದ ಪರೀಕ್ಷೆ ಇಲ್ಲಿಗೆ ಬಂದ ಮೇಲೆ. ಆದರೆ ಇಲ್ಲಿನ ಆಸ್ಪತ್ರೆಗಳು ಮೊದಲಿನಂತೆ ಹೊರಗಿನವರನ್ನು ಗುಂಪುಗುಂಪಾಗಿ ತೆಗೆದುಕೊಳ್ಳುತ್ತಿಲ್ಲ. ಆದ್ದರಿಂದ ರಾಯಚೂರಿನ ರಿಮ್ಸಿನಲ್ಲೋ ಬಳ್ಳಾರಿಯಲ್ಲೋ, ದೊಡ್ಡ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿ. ಕೆಲಸ ಕೊಡುತ್ತೇವೆ ಅಂದವರ ಹೆಸರು ಬ್ರಿಟನ್ ಸರ್ಕಾರದ ಸ್ಪಾನ್ಸರ್ ಪಟ್ಟಿಯಲ್ಲಿದೆಯೋ ನೋಡು; ಪಟ್ಟಿ ಯಾರು ಬೇಕಾದರೂ ನೋಡುವಂತಿದೆ. ವೀಸಾಕ್ಕೆಂದು ಕಂಪನಿ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿಗೆ ನಿನ್ನಿಂದ ದುಡ್ಡು ಕೇಳಿದರೆ ಅಲ್ಲಿಗೇ ಬಿಡು, ಆ ಫೀಸು ಕಂಪನಿಯದು.

ಇನ್ನೊಂದು. ನಾನು ಐದು ವರ್ಷ ದುಡಿದು ಇಲ್ಲೇ ನೆಲೆಸುವ ಹಕ್ಕು ಪಡೆದೆ. ಅದನ್ನು ಹತ್ತು ವರ್ಷ ಮಾಡಬೇಕೆಂದು 2025ರ ಮೇನಲ್ಲಿ ಸರ್ಕಾರ ಶ್ವೇತಪತ್ರ ತಂದಿತು. ನನ್ನ ಲೆಕ್ಕ ಇಟ್ಟುಕೊಂಡು ನೀನು ಹೊರಡಬೇಡ.

ಇಂಗ್ಲಿಷ್ ಪರೀಕ್ಷೆಗೆ ಈಗಲೇ ಕೂತುಕೋ. ನನ್ನ ಕಾಲಕ್ಕೆ ಐಇಎಲ್‌ಟಿಎಸ್ ಎನ್ನುವ ಆ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ ಏಳು ಅಂಕ ಬೇಕಿತ್ತು, ರೈಟಿಂಗ್‌ನಲ್ಲಿ ನಾನು ಎರಡು ಸಲ ಆರೂವರೆಗೇ ನಿಂತೆ. ಈಗ ರೈಟಿಂಗ್‌ಗೆ ಆರೂವರೆ ಸಾಕು. ವಾರಕ್ಕೊಂದು ಪ್ರಬಂಧ ಬರೆದು ಫೋಟೊ ಕಳಿಸು, ರಾತ್ರಿ ಪಾಳಿ ಇಲ್ಲದ ದಿನ ತಿದ್ದಿ ಕೊಡುತ್ತೇನೆ. ಅಪ್ಪಾರಿಗೆ ಹೇಳು, ಕಾಲುವೆಗೆ ನೀರು ಬಿಟ್ಟ ಕೂಡಲೇ ಸಸಿಮಡಿ ಹಾಕಲಿ.