ಎರಡು ಲಕ್ಷ ಕೈಗೆ ಬಂದಿದೆ, ಎಲ್ಲವನ್ನೂ ಮನೆ ಸಾಲಕ್ಕೆ ಕಟ್ಟಲಾ?

ಓದುಗರ ಪತ್ರ: "30 ಲಕ್ಷ ಸಾಲ ಮಾಡಿ ದಾವಣಗೆರೆಯಲ್ಲಿ ಮನೆ ಕಟ್ಟಿಸಿದ್ದೇವೆ. 20 ವರ್ಷದ ಅವಧಿ. ಫ್ಲೋಟಿಂಗ್ (ಆಗಾಗ ಏರಿಳಿಯುವ) ಬಡ್ಡಿ, ಈಗ ಶೇ 8.5. ತಿಂಗಳ ಕಂತು 26,035 ರೂಪಾಯಿ. ನಾಲ್ಕು ವರ್ಷ ಕಟ್ಟಿದ ಮೇಲೂ 27 ಲಕ್ಷ 28 ಸಾವಿರ ಬಾಕಿ ಇದೆ. ಈಗ ಚೀಟಿ ಮುಗಿದು ಬಂದ ಹಣ, ಯಜಮಾನರ ಬೋನಸ್ ಸೇರಿ 2 ಲಕ್ಷ ಕೈಯಲ್ಲಿದೆ. ಅಷ್ಟನ್ನೂ ಸಾಲಕ್ಕೆ ಕಟ್ಟಿ, ಮುಂದೆ ತಿಂಗಳಿಗೆ 10 ಸಾವಿರ ಜಾಸ್ತಿ ಕಟ್ಟೋಣ ಅಂತಾರೆ ಅವರು. ನನಗೆ ಭಯ. ಈಗಲೇ ಕ್ರೆಡಿಟ್ ಕಾರ್ಡ್‌ನಲ್ಲಿ 48 ಸಾವಿರ ಬಾಕಿ ಇದೆ. ಯಾರು ಹೇಳೋದು ಸರಿ?"

ಪ್ರಿಯ ಸೋದರಿ,

ಸಾಲದ ವಿವರದ ಜೊತೆ ಮನೆ ಖರ್ಚಿನ ಪಟ್ಟಿಯನ್ನೂ ಕಳಿಸಿದ್ದೀರಲ್ಲ, ತುಂಬಾ ಒಳ್ಳೆಯದಾಯಿತು. ಅದಿಲ್ಲದೆ ನಾನು ಉತ್ತರ ಬರೆಯಲು ಆಗುತ್ತಿರಲಿಲ್ಲ.

ಮೊದಲು ನಿಮ್ಮ ಯಜಮಾನರ ಪರವಾಗಿ ನಾಲ್ಕು ಮಾತು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಶೇ 8.5ರ ಲೆಕ್ಕದಲ್ಲಿ ನಿಮ್ಮ ಮೊದಲ ಕಂತಿನ 26,035 ರೂಪಾಯಿಯಲ್ಲಿ 21,250 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 4,785 ಮಾತ್ರ. ನಾಲ್ಕು ವರ್ಷದಲ್ಲಿ ಹನ್ನೆರಡೂವರೆ ಲಕ್ಷ ಕಟ್ಟಿದ್ದೀರಿ, ಅಸಲು ಇಳಿದದ್ದು 2 ಲಕ್ಷ 72 ಸಾವಿರ. ಈ ಸ್ಟೇಟ್‌ಮೆಂಟ್ ನೋಡಿದ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅವರು ಹೇಳಿದ ಹಾಗೆ 2 ಲಕ್ಷ ಈಗಲೇ ಕಟ್ಟಿ, ತಿಂಗಳಿಗೆ 10 ಸಾವಿರ ಜಾಸ್ತಿ ಹಾಕಿದರೆ, ಉಳಿದಿರುವ 16 ವರ್ಷದ ಸಾಲ ಎಂಟು ವರ್ಷ ಚಿಲ್ಲರೆಯಲ್ಲಿ ತೀರುತ್ತದೆ. ಲೆಕ್ಕ ಹಾಕಿ ನೋಡಿದೆ, ಅದು ನಿಜ.

ಆದರೆ ಆ 10 ಸಾವಿರ ಬರುವುದು ಎಲ್ಲಿಂದ?

ಇಬ್ಬರದೂ ಸೇರಿ ತಿಂಗಳಿಗೆ 66 ಸಾವಿರ ಬರುತ್ತದೆ ಅಂದಿದ್ದೀರಿ. ಅವರ ಸಂಬಳ 58, ನಿಮ್ಮ ಹೊಲಿಗೆಯಿಂದ 8. ಕಂತು ಹೋದರೆ 40 ಸಾವಿರ. ರೇಷನ್, ಹಾಲು, ತರಕಾರಿಗೆ 15 ಸಾವಿರ. ಗ್ಯಾಸ್, ಕರೆಂಟ್, ನೀರು, ಮೊಬೈಲ್, ಇಂಟರ್ನೆಟ್ ಸೇರಿ 3,500. ಮಕ್ಕಳ ಫೀ, ವ್ಯಾನ್ ತಿಂಗಳ ಲೆಕ್ಕಕ್ಕೆ 9,000. ಅತ್ತೆಯವರ ಮಾತ್ರೆಗೆ 3,000, ಪೆಟ್ರೋಲ್‌ಗೆ 3,000, ವಿಮೆಗೆ 2,000. ಒಟ್ಟು 35,500. ಉಳಿಯುವುದು 4,500 ಅಷ್ಟೇ. ಇದರಲ್ಲಿ 10 ಸಾವಿರ ಹೊರಡಿಸಬೇಕೆಂದರೆ ಪ್ರತಿ ತಿಂಗಳು 5,500 ಕಡಿಮೆ ಬೀಳುತ್ತದೆ. ಅದನ್ನು ಯಾರು ತುಂಬಿಸುತ್ತಾರೆ? ಕಾರ್ಡೇ ತುಂಬಿಸುತ್ತದೆ, ಅಲ್ವಾ?

ಆ ಕಾರ್ಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತಿಂಗಳು ತಿಂಗಳು ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದೇವೆ ಅಂತ ಬರೆದಿದ್ದೀರಿ. ಕಾರ್ಡ್ ಬಾಕಿಗೆ ತಿಂಗಳಿಗೆ ಶೇ 3.5ರಷ್ಟು ಬಡ್ಡಿ ಹಾಕುವುದು ಸಾಮಾನ್ಯ. ಅದರ ಮೇಲೆ ಶೇ 18 ಜಿಎಸ್‌ಟಿ. 48 ಸಾವಿರಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 2,000 ರೂಪಾಯಿ! ನಿಮ್ಮ ಪಟ್ಟಿಯಲ್ಲಿ ಈ ಖರ್ಚು ಇಲ್ಲವೇ ಇಲ್ಲ. ಅದೇ 48 ಸಾವಿರವನ್ನು ಮನೆ ಸಾಲಕ್ಕೆ ಕಟ್ಟಿದರೆ ತಿಂಗಳಿಗೆ ಉಳಿಯುವ ಬಡ್ಡಿ 340 ರೂಪಾಯಿ. 340 ಉಳಿಸಲು ಹೋಗಿ 2,000 ಕಳೆಯುವುದು ಬೇಡ. ಕಾರ್ಡ್ ಬಾಕಿ ಮೊದಲು ತೀರಲಿ, ಈ ವಾರವೇ ತೀರಲಿ.

ಅಷ್ಟಕ್ಕೂ ಈ ಬಾಕಿ ಬೆಳೆದದ್ದು ಹೇಗೆ? ನಿಮ್ಮ ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಇದೆ, "ಹೋದ ಜೂನ್‌ನಲ್ಲಿ ಫೀ ಕಟ್ಟಿದಾಗಿನಿಂದ" ಅಂತ. ಇಡೀ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಸಾಲು. ತಿಂಗಳ ಖರ್ಚನ್ನು ನೀವು ಚೆನ್ನಾಗಿಯೇ ನಿಭಾಯಿಸುತ್ತಿದ್ದೀರಿ. ತೊಂದರೆ ಕೊಡುತ್ತಿರುವುದು ವರ್ಷಕ್ಕೊಮ್ಮೆ ಬರುವ ಬಿಲ್. ವ್ಯಾನ್ ಬಿಟ್ಟು ಇಬ್ಬರು ಮಕ್ಕಳ ಫೀ 84 ಸಾವಿರ. ಪಟ್ಟಿಯಲ್ಲಿ ಅದು ತಿಂಗಳಿಗೆ 7,000 ಅಂತ ಕೂತಿದೆ. ಆದರೆ ಶಾಲೆ ತಿಂಗಳು ತಿಂಗಳು ಕೇಳುವುದಿಲ್ಲ, ಜೂನ್‌ನಲ್ಲಿ ಒಟ್ಟಿಗೆ ಕೇಳುತ್ತದೆ. ಉಳಿದ ತಿಂಗಳಲ್ಲಿ ಆ 7,000 ಅಕೌಂಟ್‌ನಲ್ಲೇ ಇದ್ದು, ಹಬ್ಬ, ಮದುವೆ ಉಡುಗೊರೆ, ಫ್ರಿಜ್ ರಿಪೇರಿ ಅಂತ ಕರಗುತ್ತದೆ. ಬಹಳ ಮನೆಗಳಲ್ಲಿ ಹೀಗೆಯೇ ಆಗುತ್ತದೆ, ನೀವು ಬೇಜಾರು ಮಾಡಿಕೊಳ್ಳಬೇಡಿ. ಬ್ಯಾಂಕಿನಲ್ಲಿ ತಿಂಗಳಿಗೆ 7,000ದ ಒಂದು ಆರ್‌ಡಿ ಶುರು ಮಾಡಿ. ಮೇ ತಿಂಗಳಲ್ಲಿ ಮುಗಿಯುವ ಹಾಗೆ ಅವಧಿ ಇಡಿಸಿ. ಸಂಬಳ ಬಂದ ಮರುದಿನವೇ ಕಡಿತವಾಗಲಿ. ಬರುವ ಜೂನ್‌ಗೆ ಅದರಲ್ಲಿ ಪೂರ್ತಿ ಸೇರದಿದ್ದರೆ, ಈಗ ಹೇಳುವ ಆಪತ್ತಿನ ಹಣದಿಂದ ತೆಗೆದು ಮತ್ತೆ ತುಂಬಿಸಿ. ಕಾರ್ಡ್ ಮುಟ್ಟಬೇಡಿ.

ಆಪತ್ತಿನ ಹಣದ ಮಾತು ಬಂದಾಗ ನನ್ನದೇ ಮನೆಯ ಕಥೆ ಹೇಳುತ್ತೇನೆ. ನಮ್ಮ ಮನೆ ಸಾಲಕ್ಕೂ ಒಮ್ಮೆ ಕೈಯಲ್ಲಿದ್ದ ಒಂದೂವರೆ ಲಕ್ಷವನ್ನು ಪೂರ್ತಿ ಕಟ್ಟಿಬಿಟ್ಟೆ. ಅವತ್ತು ತುಂಬಾ ಖುಷಿಯಲ್ಲಿದ್ದೆ. ಎರಡು ತಿಂಗಳಿಗೆ ನಮ್ಮ ತಂದೆಗೆ ಹೃದಯದ ಆಪರೇಷನ್ ಆಗಬೇಕಾಯಿತು. ಸಾಲಕ್ಕೆ ಕಟ್ಟಿದ ಹಣವನ್ನು ವಾಪಸ್ ಕೊಡಿ ಅನ್ನಲು ಆಗುತ್ತದಾ? ನನ್ನ ಹೆಂಡತಿ ಮಾತಾಡದೆ ಬಳೆ ಬಿಚ್ಚಿ ಕೊಟ್ಟಳು. ಗೋಲ್ಡ್ ಲೋನ್ ಮಾಡಿದೆವು, ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ಅವತ್ತಿನ ಅವಳ ಬರಿಗೈ ಈಗಲೂ ಕಣ್ಣಮುಂದೆ ಬರುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ, ಎರಡು ಲಕ್ಷವನ್ನೂ ಕಟ್ಟಬೇಡಿ.

ನನ್ನ ಸಲಹೆ ಇಷ್ಟು. 48 ಸಾವಿರ ಕಾರ್ಡ್‌ಗೆ. ಒಂದು ಲಕ್ಷ, ಬೇಕಾದಾಗ ಮುರಿಸಬಹುದಾದ ಎಫ್‌ಡಿಯಲ್ಲಿ. 50 ಸಾವಿರ ಮನೆ ಸಾಲಕ್ಕೆ. ಮಿಕ್ಕ 2,000 ಆ ಆರ್‌ಡಿಯ ಮೊದಲ ಕಂತಿಗೆ ಸೇರಲಿ. ಕಂತು, ಮನೆ ಖರ್ಚು ಸೇರಿ ನಿಮಗೆ ತಿಂಗಳಿಗೆ 61,500 ಬೇಕು. ಹಾಗಾಗಿ ಒಂದು ಲಕ್ಷ ಎರಡು ತಿಂಗಳಿಗೂ ಸಾಲದು. ಕಟ್ಟುನಿಟ್ಟಾಗಿ ನೋಡಿದರೆ ಆ 50 ಸಾವಿರವನ್ನೂ ಇಟ್ಟುಕೊಳ್ಳಿ ಅನ್ನಬೇಕು. ಆದರೆ ನಿಮ್ಮ ಯಜಮಾನರು ಸಾಲ ಇಳಿಯುವುದನ್ನು ಕಣ್ಣಾರೆ ನೋಡಬೇಕು. ಮನೆಯಲ್ಲಿ ಒಬ್ಬರ ಮಾತು ಪೂರ್ತಿ ಸೋಲಬಾರದು. ಮುಂದಿನ ವರ್ಷದ ಬೋನಸ್ ಬಂದಾಗ ಮೊದಲು ಈ ಎಫ್‌ಡಿಯನ್ನು ಮೂರು ತಿಂಗಳ ಖರ್ಚಿನ ಮಟ್ಟಕ್ಕೆ ಏರಿಸಿ, ಆಮೇಲೆ ಸಾಲಕ್ಕೆ ಕಟ್ಟಿ.

ತಿಂಗಳಿಗೆ 10 ಸಾವಿರದ ಬದಲು 3,000 ಜಾಸ್ತಿ ಕಟ್ಟಿ. ಉಳಿದ 1,500 ಹಬ್ಬಕ್ಕೆ, ನೆಂಟರಿಗೆ ಬೇಕಾಗುತ್ತದೆ. ಇದು ಸಣ್ಣದು ಅನ್ನಿಸಬಹುದು. ಆದರೆ ಈ 50 ಸಾವಿರ ಮತ್ತು ತಿಂಗಳ 3,000 ಸೇರಿದರೆ, 192 ಕಂತು ಉಳಿದಿದ್ದ ಸಾಲ 150 ಕಂತಿಗೆ ಮುಗಿಯುತ್ತದೆ. ಮೂರೂವರೆ ವರ್ಷ ಮೊದಲೇ. ಉಳಿಯುವ ಬಡ್ಡಿ 5 ಲಕ್ಷ 90 ಸಾವಿರದ ಆಸುಪಾಸು. ಮಕ್ಕಳ ಫೀಗೂ ಅಡುಗೆಮನೆಗೂ ಕೈ ಹಾಕದೆ ಇಷ್ಟಾಗುತ್ತದೆ.

ಇನ್ನು ಬ್ಯಾಂಕಿಗೆ ಹೋದಾಗ ಹುಷಾರಾಗಿರಬೇಕಾದ ಜಾಗ ಒಂದಿದೆ. ದೊಡ್ಡ ಮೊತ್ತ ಕಟ್ಟಿದಾಗ ಎರಡು ದಾರಿ. ಕಂತು ಅಷ್ಟೇ ಇಟ್ಟು ಅವಧಿ ಇಳಿಸಬಹುದು, ಇಲ್ಲವೇ ಅವಧಿ ಅಷ್ಟೇ ಇಟ್ಟು ಕಂತು ಇಳಿಸಬಹುದು. ನಿಮ್ಮ 2 ಲಕ್ಷವನ್ನೇ ಉದಾಹರಣೆಗೆ ತಗೊಳ್ಳಿ. ಅವಧಿ ಇಳಿಸಿದರೆ ಉಳಿಯುವ ಬಡ್ಡಿ 5 ಲಕ್ಷ. ಕಂತು ಇಳಿಸಿದರೆ 1 ಲಕ್ಷ 66 ಸಾವಿರ. ನಾನು ಕಟ್ಟಿದಾಗ ಏನೂ ಬರೆದುಕೊಡಲಿಲ್ಲ, ಅವರು ಕಂತು ಇಳಿಸಿಬಿಟ್ಟರು. ಗೊತ್ತಾದದ್ದು ಐದು ತಿಂಗಳ ನಂತರ. ನೀವು ಹಾಳೆಯ ಮೇಲೆ ಬರೆದುಕೊಡಿ: "ಕಂತು ಬದಲಿಸಬೇಡಿ, ಅವಧಿ ಕಡಿಮೆ ಮಾಡಿ." ಹೊಸ ಕಂತಿನ ಪಟ್ಟಿ ಕೈಗೆ ಬಂದ ಮೇಲೆಯೇ ಎದ್ದು ಬನ್ನಿ. ಮೊದಲೇ ಕಟ್ಟಿದ್ದಕ್ಕೆ ದಂಡ ಬೀಳುತ್ತದೆ ಅನ್ನುವ ಭಯ ಬೇಡ. ವ್ಯಕ್ತಿಗಳು ಪಡೆದ ಫ್ಲೋಟಿಂಗ್ ಬಡ್ಡಿಯ ಮನೆ ಸಾಲಕ್ಕೆ ಅಂಥ ಶುಲ್ಕ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಅಲ್ಲಿಗೆ ಹೋದಾಗಲೇ ಇನ್ನೊಂದು ಕೇಳಿ. ನಿಮ್ಮ ಬಡ್ಡಿ ಇನ್ನೂ ಶೇ 8.5 ಯಾಕಿದೆ? 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ನಾಲ್ಕು ಸಲ ಇಳಿಸಿ, ಶೇ 6.5ರಿಂದ 5.25ಕ್ಕೆ ತಂದಿತು. ರೆಪೊಗೆ ಜೋಡಿಸಿದ ಸಾಲವಾದರೆ ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಹೊಂದಿಸಬೇಕು. ನಿಮ್ಮದು ರೆಪೊಗೆ ಜೋಡಿಸದ ಸಾಲವಾದರೆ ಇಳಿಕೆ ನಿಧಾನವಾಗಿ ಬರಬಹುದು. ರೆಪೊಗೆ ಬದಲಿಸಲು ಎಷ್ಟು ಶುಲ್ಕ ಅಂತ ವಿಚಾರಿಸಿ. ಬಡ್ಡಿ ಶೇ 7.75ಕ್ಕೆ ಇಳಿದು ಕಂತು ಹೀಗೇ ಇದ್ದರೆ, ಒಂದು ರೂಪಾಯಿಯೂ ಜಾಸ್ತಿ ಕಟ್ಟದೆ 16 ಕಂತು ಕಡಿಮೆಯಾಗುತ್ತದೆ. ಒಂದು ಅರ್ಜಿಯಿಂದ ನಾಲ್ಕು ಲಕ್ಷ ಉಳಿಯುವುದಾದರೆ ಅರ್ಧ ದಿನ ರಜೆ ಹಾಕಿಯಾದರೂ ಹೋಗಬೇಕು.

ಸಾಲ ಇದ್ದರೆ ತೆರಿಗೆ ಉಳಿಯುತ್ತದೆ ಅಂತ ಯಾರೋ ಹೇಳಿದರಂತೆ. ನಿಮ್ಮ ಯಜಮಾನರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. ಅದರಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಆ ಕಾರಣಕ್ಕೆ ಸಾಲ ಉಳಿಸಿಕೊಳ್ಳಬೇಕಿಲ್ಲ. ವಿಮೆಗೆ 2,000 ಅಂತ ಬರೆದಿದ್ದೀರಿ, ಅದರಲ್ಲಿ ಅವರ ಹೆಸರಿನ ಟರ್ಮ್ ಪಾಲಿಸಿ (ಅವರಿಗೇನಾದರೂ ಆದರೆ ಮನೆಯವರಿಗೆ ಹಣ ಕೊಡುವ ಜೀವ ವಿಮೆ) ಇದೆಯಾ? ಇಲ್ಲದಿದ್ದರೆ ಸಾಲಕ್ಕೆ ಜಾಸ್ತಿ ಕಟ್ಟುವ 3,000ದಲ್ಲೇ ಸ್ವಲ್ಪ ತೆಗೆದು ಅದನ್ನು ಮೊದಲು ಮಾಡಿಸಿ. 27 ಲಕ್ಷದ ಭಾರ ನಿಮ್ಮ ಹೊಲಿಗೆ ಮಿಷನ್ ಮೇಲೆ ಬೀಳಬಾರದು.

ಈ ಉತ್ತರವನ್ನು ಅವರ ಜೊತೆ ಕೂತು ಓದಿ. ಅತ್ತೆಯವರೂ ಪಕ್ಕದಲ್ಲಿರಲಿ, ಸಾಲ ಇದ್ದರೆ ಅವರಿಗೆ ನಿದ್ದೆ ಬರುವುದಿಲ್ಲ ಅಂತ ಬರೆದಿದ್ದೀರಲ್ಲ. ಜೂನ್‌ನಲ್ಲಿ ಫೀ ಕಟ್ಟಿದ ಮೇಲೆ ನನಗೊಂದು ಪತ್ರ ಹಾಕಿ. ಕಾರ್ಡ್ ಕಪಾಟಿನಲ್ಲೇ ಉಳಿಯಿತಾ ಅಂತ ತಿಳಿದುಕೊಳ್ಳಬೇಕು.

ನಿಮ್ಮ
ಸಂಪಾದಕ