ಅಮ್ಮನಿಗೆ ಕೋವಿಡ್ ಲಸಿಕೆ ಈಗಲೇ ಹಾಕಿಸಬೇಕಾ, ಮಳೆಗಾಲ ಮುಗಿಯಲಿ ಅಂತ ಕಾಯಬಹುದಾ? (ಜೂನ್ 2021ರ ಪ್ರಶ್ನೆ, ಇಲ್ಲಿನ ನಿಯಮಗಳೆಲ್ಲ ಆಗಿನವು)

ನಿಮ್ಮ ಅಮ್ಮನಿಗೆ 62, ಶುಗರ್ ಇದೆ, ಮನೆ ತೀರ್ಥಹಳ್ಳಿಯಿಂದ ದೂರ ಅಂದಿದ್ದೀರಿ. ಕಾಯಬೇಡಿ. ಈ ವಾರವೇ ಹಾಕಿಸಿ.

ಚುಚ್ಚಿಸಿಕೊಂಡ ದಿನವೇ ರಕ್ಷಣೆ ಬರುವುದಿಲ್ಲ. ಮೈ ತಯಾರಾಗಲು ಎರಡು ಮೂರು ವಾರ ಬೇಕು. ಕೋವಿಶೀಲ್ಡ್ ಆದರೆ ಎರಡನೇ ಡೋಸಿಗೆ ಈಗ 12ರಿಂದ 16 ವಾರದ ಅಂತರ. ಅಂದರೆ ಇವತ್ತು ಶುರು ಮಾಡಿದರೂ ಅದು ಸಿಗುವುದು ಸೆಪ್ಟೆಂಬರಿನಲ್ಲಿ. ಅಕ್ಟೋಬರಿನಲ್ಲಿ ಶುರು ಮಾಡಿದರೆ ಜನವರಿ ಆಗುತ್ತದೆ, ಅಷ್ಟೊತ್ತಿಗೆ ಅಡಿಕೆ ಕೊಯ್ಲು, ಮನೆ ತುಂಬ ಜನ. ಕೋವ್ಯಾಕ್ಸಿನ್ನಿಗೆ 4ರಿಂದ 6 ವಾರ ಸಾಕು. ಆದರೆ ಅದಕ್ಕಾಗಿ ಸುಮ್ನೆ ಕಾಯಬೇಡಿ, ಹತ್ತಿರದ ಆಸ್ಪತ್ರೆಯಲ್ಲಿ ಯಾವುದಿದೆಯೋ ಅದೇ ಒಳ್ಳೆಯದು. ಶುಗರ್ ಇರುವವರಿಗೆ ಕೋವಿಡ್ ಬಂದರೆ ಜೋರಾಗುವ ಭಯ ಜಾಸ್ತಿ, ಅಲ್ವಾ?

ತಡ ಮಾಡಬೇಕಾದ ಸಂದರ್ಭವೂ ಇದೆ. ಕೋವಿಡ್ ಬಂದು ಹೋಗಿದ್ದರೆ ಗುಣವಾಗಿ ಮೂರು ತಿಂಗಳು ಬಿಡಿ. ನಮ್ಮ ಕಡೆಯವರು ಇನ್ನೊಂದು ಗಮನಿಸಬೇಕು: ಮಂಗನ ಕಾಯಿಲೆಯ ಲಸಿಕೆ ಹಾಕಿಸಿಕೊಂಡಿದ್ದರೆ ನಡುವೆ 14 ದಿನ ಇರಲಿ. ಅದು ಕೋವಿಡ್ ತಡೆಯುವುದಿಲ್ಲ, ಎರಡೂ ಬೇರೆ.

ಒಂದೆರಡು ದಿನ ಜ್ವರ, ಕೈನೋವು ಬರಬಹುದು. ಅಡಿಕೆ ತೋಟಕ್ಕೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಸುವ ದಿನಕ್ಕೆ ಇದನ್ನು ಸೇರಿಸಬೇಡಿ, ಆಳುಗಳಿಗೆ ಅಡುಗೆ ಮಾಡುವವರು ಅಮ್ಮನೇ ತಾನೇ! ಸ್ಟಾಕ್ ಇದೆಯಾ ಅಂತ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿಯೇ ಹೊರಡಿ. ಹಳ್ಳ ಏರುವ ಮುಂಚೆ ಹೋಗಿ ಬನ್ನಿ.